ಇಂಜೆಕ್ಷನ್‌ಗೆ ಮುಂಚೆ ಎರಡೂ ತೋಳಿನ ಬಿಪಿ ನೋಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ನಮಸ್ಕಾರಗಳು.

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನು ಹೊಗಳದೆ ಈ ಪತ್ರ ಶುರು ಮಾಡಲಾರೆ. ಎದೆನೋವು ಅಂತ ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಈಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಾನು ನರ್ಸ್ ಕೆಲಸಕ್ಕೆ ಸೇರಿದ ಕಾಲದಲ್ಲಿ ನಾಲಿಗೆ ಕೆಳಗೊಂದು ಸಾರ್ಬಿಟ್ರೇಟ್ ಮಾತ್ರೆ ಇಟ್ಟು, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರೆ ನಮ್ಮ ಕೆಲಸ ಮುಗಿಯಿತು.

ಆದರೆ ಅದೇ ಇಂಜೆಕ್ಷನ್ ಜೀವ ತೆಗೆಯಬಲ್ಲ ಕಾಯಿಲೆಯೊಂದಿದೆ, ಅದೂ ಎದೆನೋವಾಗಿಯೇ ಬರುತ್ತದೆ. ಹೃದಯದಿಂದ ಇಡೀ ದೇಹಕ್ಕೆ ರಕ್ತ ಒಯ್ಯುವ ದೊಡ್ಡ ನಾಳ, ಅಂದರೆ ಮಹಾಪಧಮನಿ ಸೀಳುವುದು, ಡಾಕ್ಟರುಗಳು ಅಯೋರ್ಟಿಕ್ ಡಿಸೆಕ್ಷನ್ ಅನ್ನುತ್ತಾರೆ. ಹೃದಯಾಘಾತಕ್ಕೆ ಹೋಲಿಸಿದರೆ ಅಪರೂಪ, ಒಪ್ಪುತ್ತೇನೆ.

ಮಹಾಪಧಮನಿ ಹೃದಯದ ಎಡಭಾಗದಿಂದ ಹೊರಟು, ಮೇಲೇರಿ, ಊರುಗೋಲಿನ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲೇ ಕೆಳಗಿಳಿಯುತ್ತದೆ. ಎದೆ-ಹೊಟ್ಟೆ ನಡುವಿನ ಪರದೆಯಾದ ವಪೆ ದಾಟಿ ಹೊಟ್ಟೆಗೆ ಬಂದು, ಹೊಕ್ಕುಳಿನ ಮಟ್ಟದಲ್ಲಿ ಎರಡೂ ಕಾಲುಗಳ ಕಡೆಗೆ ಕವಲೊಡೆಯುತ್ತದೆ. ಬುಡದಲ್ಲಿ ಸುಮಾರು 3 ಸೆಂ.ಮೀ. ಅಗಲ. ಅದರ ಮೊದಲ ಕವಲುಗಳೇ ಹೃದಯಕ್ಕೆ ರಕ್ತ ಕೊಡುವ ಕರೊನರಿಗಳು. ಬಾಗಿದ ಜಾಗದಿಂದ ತಲೆಗೂ ತೋಳುಗಳಿಗೂ ಕವಲುಗಳು ಹೊರಡುತ್ತವೆ. ಗೋಡೆಗೆ ಮೂರು ಪದರ. ಹತೋಟಿಗೆ ಬಾರದ ಬಿಪಿ ವರ್ಷಗಟ್ಟಲೆ ಅಪ್ಪಳಿಸಿ, ಅಥವಾ ಮಾರ್ಫನ್ ಸಿಂಡ್ರೋಮಿನಂಥ ಹುಟ್ಟಿನಿಂದ ಬಂದ ದೌರ್ಬಲ್ಯದಿಂದ, ಒಳಪದರ ಹರಿದರೆ ರಕ್ತ ನಡುಪದರಕ್ಕೆ ನುಗ್ಗಿ ಗೋಡೆಯನ್ನು ಉದ್ದಕ್ಕೂ ಸೀಳುತ್ತಾ ಹೋಗುತ್ತದೆ. ದಾರಿಯಲ್ಲಿ ಸಿಕ್ಕಿದ ಕವಲುಗಳ ಬಾಯಿ ಮುಚ್ಚುತ್ತದೆ. ತೋಳಿನದು ಮುಚ್ಚಿದರೆ ಆ ಕೈಯ ನಾಡಿ ಕ್ಷೀಣ, ಮೆದುಳಿನದು ಮುಚ್ಚಿದರೆ ಲಕ್ವ. ಕರೊನರಿಯ ಬಾಯಿಗೇ ಬಂದರೆ ಈಸಿಜಿಯಲ್ಲಿ ಥೇಟ್ ಹೃದಯಾಘಾತದ ಗೆರೆಗಳೇ ಮೂಡುತ್ತವೆ. ಆ ಕಾಗದವನ್ನಷ್ಟೇ ನೋಡಿ ದೂರದ ತಜ್ಞರು ಹೃದಯಾಘಾತ ಅಂದರೆ ಅವರನ್ನು ಹೇಗೆ ತಪ್ಪೆನ್ನುವುದು? ರೋಗಿ ಇರುವುದು ನಮ್ಮ ಕೈಯಲ್ಲಿ.

ಸೀಳಿದ ಗೋಡೆಯಲ್ಲಿ ಸದ್ಯಕ್ಕೆ ಒಂದಿಷ್ಟು ತಡೆಯಾಗಿರುವುದೇ ಹೆಪ್ಪು. ಅದನ್ನು ಕರಗಿಸುವ ಮದ್ದು ಕೊಟ್ಟರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ಮಹಾಪಧಮನಿಯ ಮೇಲ್ಭಾಗ ಸೀಳಿ ಚಿಕಿತ್ಸೆ ಸಿಗದಿದ್ದರೆ, ಮೊದಲ ಎರಡು ದಿನ ಗಂಟೆಗೆ ಶೇ. 1ರಿಂದ 2ರಷ್ಟು ಸಾವಿನ ಸಂಭವ ಏರುತ್ತದೆಂದು ವೈದ್ಯಕೀಯ ಪುಸ್ತಕಗಳಲ್ಲಿದೆ. ತುರ್ತು ಶಸ್ತ್ರಚಿಕಿತ್ಸೆಯೊಂದೇ ದಾರಿ.

ಗುರುತು ಹಿಡಿಯಲು ಮೊದಲು ಬೇಕಾದದ್ದು ಕಿವಿ. ಹೃದಯಾಘಾತದ ನೋವು ಬಹಳಷ್ಟು ಸಲ ಬರಬರುತ್ತಾ ಹೆಚ್ಚುತ್ತದೆ. ಇದು ಬಂದ ಕ್ಷಣವೇ ತಡೆಯಲಾರದಷ್ಟು. "ಒಳಗೇನೋ ಹರ್ಕೊಂಡಂಗಾಯ್ತು ಸಿಸ್ಟರ್, ಬೆನ್ನಿಗೆ ಹೊಡೀತಿದೆ" ಅನ್ನುತ್ತಾರೆ. ಕೇಸ್‌ಶೀಟಿಗೆ ಬರುವಾಗ ಇಷ್ಟೂ ಮಾತು "ಚೆಸ್ಟ್ ಪೇನ್" ಆಗಿಬಿಟ್ಟಿರುತ್ತದೆ. ಎರಡನೆಯದು ಬಿಪಿ. ಕ್ಯಾಶುಯಲ್ಟಿಯ ಗಡಿಬಿಡಿಯಲ್ಲಿ ಒಂದು ತೋಳಿಗೆ ಬಿಪಿ ಪಟ್ಟಿ, ಇನ್ನೊಂದಕ್ಕೆ ಡ್ರಿಪ್. ಎರಡನೇ ತೋಳಿನ ಬಿಪಿ ಯಾರೂ ನೋಡುವುದಿಲ್ಲ. ಮೇಲಿನ ಅಂಕಿಯಲ್ಲಿ 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನಪಡಲೇಬೇಕು. ವ್ಯತ್ಯಾಸವಿಲ್ಲ ಅಂದಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ, ಎಕ್ಸ್-ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಾಣುತ್ತದೆಯೇ ಎಂದೂ ನೋಡಬೇಕು.

ಇದು ಡ್ಯೂಟಿ ಡಾಕ್ಟರುಗಳ ಮೇಲಿನ ದೂರಲ್ಲ. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಟ ಜಾನ್ ರಿಟ್ಟರ್ ಕೆಲಸದ ನಡುವೆ ಅಸ್ವಸ್ಥರಾದಾಗ ಅಲ್ಲಿನ ಆಸ್ಪತ್ರೆಯಲ್ಲೂ ಮೊದಲು ಹೃದಯಾಘಾತವೆಂದೇ ಚಿಕಿತ್ಸೆ ನಡೆಯಿತು. ನಿಜಕ್ಕೂ ಸೀಳಿದ್ದು ಮಹಾಪಧಮನಿ. ಅಂದೇ ರಾತ್ರಿ ತೀರಿಕೊಂಡರು, 54 ವರ್ಷ.

ಹಾಗಾಗಿ ನನ್ನ ಕೋರಿಕೆ ಇದು. ಇಂಜೆಕ್ಷನ್‌ಗೆ ಮುಂಚೆ ತುಂಬುವ ನಮೂನೆಯಲ್ಲಿ ಎರಡೂ ತೋಳಿನ ಬಿಪಿಗೆ ಜಾಗವಿರಲಿ, ನೋವು ಹೇಗೆ ಶುರುವಾಯಿತೆಂದು ರೋಗಿಯ ಮಾತಿನಲ್ಲೇ ಒಂದು ಸಾಲು ಬರೆಸಿ. ಅನುಮಾನ ಬಂದರೆ ಆಂಬ್ಯುಲೆನ್ಸ್ ಕರೊನರಿಯ ಅಡಚಣೆ ತೆರೆಯುವ ಹತ್ತಿರದ ಕ್ಯಾತ್‌ಲ್ಯಾಬಿಗೆ ಹೋಗಿ ಪ್ರಯೋಜನವಿಲ್ಲ. ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಮ್ ಜೊತೆಗೆ ಎದೆ ತೆರೆದು ಆಪರೇಷನ್ ಮಾಡುವ ಸರ್ಜನ್ ಎಲ್ಲಿದ್ದಾರೆಂಬ ಪಟ್ಟಿ ಪ್ರತಿ ಕ್ಯಾಶುಯಲ್ಟಿಯ ಗೋಡೆಯ ಮೇಲಿರಬೇಕು, ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವವರ ನಂಬರಿನೊಂದಿಗೆ.

ಹಾಸನದ ಹಠಾತ್ ಸಾವುಗಳು ಸುದ್ದಿಯಾದಾಗ, 2025ರ ಜುಲೈನಲ್ಲಿ, ಅಂಥ ಸಾವುಗಳಿಗೆ ಮರಣೋತ್ತರ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಸರ್ಕಾರ ಹೇಳಿತ್ತು. ಆ ವರದಿಗಳಲ್ಲಿ ಮಹಾಪಧಮನಿಯ ಸ್ಥಿತಿಯನ್ನೂ ಕಡ್ಡಾಯವಾಗಿ ಬರೆಸಿ. ಎಲ್ಲವನ್ನೂ "ಹಾರ್ಟ್ ಅಟ್ಯಾಕ್" ಲೆಕ್ಕಕ್ಕೆ ಸೇರಿಸಿದರೆ ನಮ್ಮ ರಾಜ್ಯದಲ್ಲಿ ಈ ಕಾಯಿಲೆ ಎಷ್ಟಿದೆ ಅನ್ನುವುದು ಎಂದಿಗೂ ತಿಳಿಯುವುದಿಲ್ಲ. ಹೊಟ್ಟೆಯ ಭಾಗದ ಮಹಾಪಧಮನಿಯದು ಬೇರೆ ಕಥೆ, ಅಲ್ಲಿ ಗೋಡೆ ಸದ್ದಿಲ್ಲದೆ ಉಬ್ಬುತ್ತದೆ. ಇಂಗ್ಲೆಂಡಿನಲ್ಲಿ 65 ತುಂಬಿದ ಗಂಡಸರನ್ನು ಕರೆದು ಅದಕ್ಕೆಂದೇ ಸ್ಕ್ಯಾನ್ ಮಾಡುತ್ತಾರೆ. ನಾವು ಅಷ್ಟು ಮಾಡದಿದ್ದರೂ, ಬೀಡಿ ಸೇದುವ ಅಜ್ಜಂದಿರ ಹೊಟ್ಟೆ ಸ್ಕ್ಯಾನಿಂಗ್ ಹೇಗೂ ಆಗುವಾಗ ಅದರ ಅಗಲ ಅಳೆದು ಬರೆಯಬಹುದು, 3 ಸೆಂ.ಮೀ. ದಾಟಿದರೆ ಆಗಾಗ ನೋಡುತ್ತಿರಬೇಕು.

ಸುತ್ತೋಲೆಗೆ ಬಜೆಟ್ ಬೇಕಿಲ್ಲ. ಸೀಳು ಬೆಳೆಯದಂತೆ ದಾರಿಯುದ್ದಕ್ಕೂ ಬಿಪಿ, ನಾಡಿ ಎರಡನ್ನೂ ಇಳಿಸಿಡುವ ಲೆಬೆಟಲಾಲ್ ಇಂಜೆಕ್ಷನ್ ಬೇಕು. ಬಿಪಿ ಏರಿದ ಬಸುರಿಯರಿಗಾಗಿ ಅದನ್ನು ಹೆರಿಗೆ ವಾರ್ಡುಗಳಲ್ಲಿ ಬಳಸುತ್ತಲೇ ಇದ್ದೇವೆ. ಕ್ಯಾಶುಯಲ್ಟಿಯ ಟ್ರೇಯಲ್ಲೂ ಇಡಲು ಆದೇಶಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ