ನಿನ್ನ ಸಾಲನ್ನೇಕೆ ಖಾಲಿ ಬಿಟ್ಟೆ, ಮಗಳೇ?

ವಾಸ್ಕೋ, ಗೋವಾ
ಭಾನುವಾರ ರಾತ್ರಿ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ಅವ್ವನ ಮೊಣಕಾಲು ನೋವು ಇಳಿದಿದೆ, ಈಗ ಮತ್ತೆ ಓವರ್‌ಲಾಕ್ ಯಂತ್ರದ ಮುಂದೆ ಕೂರುತ್ತಿದ್ದಾಳೆ. ಬೇಡವೆಂದರೂ ಕೇಳುವುದಿಲ್ಲ.

ನೀನು ಪುಣೆಯಿಂದ ಕಳುಹಿಸಿದ ನಿಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಅಂಗಿಗಳ ಅಳತೆಗಳನ್ನು ಕಾಗದಕ್ಕೆ ಬರೆದು ಕತ್ತರಿಸುವ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಹದಿನೆಂಟು ಹೆಸರು. ಹದಿನೇಳರ ಮುಂದೆ ಎದೆ, ಭುಜ, ಉದ್ದ ಎಲ್ಲವೂ ಇದೆ. ಒಂದನೇ ನಂಬರಿನ ಮುಂದೆ ಮಾತ್ರ ‘ಹಳೆಯದೇ ಸಾಕು’ ಎಂದಿದೆ. ಆ ನಂಬರು ನಿನ್ನದು, ಗೋಲ್‌ಕೀಪರಿನದು.

ಹಾಗೆ ಏಕೆ ಬರೆದೆ ಎಂದು ಕೇಳುವ ಅಗತ್ಯವಿಲ್ಲ. ಈ ಅಂಗಡಿಯ ಬಟ್ಟೆಯ ಥಾನುಗಳ ಮೇಲೆ ಮಲಗಿ ಬೆಳೆದವಳು ನೀನು. ಉಳಿದವರ ಅಂಗಿಗೆಲ್ಲ ಒಂದೇ ವಿನ್ಯಾಸ. ಅದಕ್ಕೆ ಕೊಡುವ ಹಣ ಹದಿನೇಳು ಅಂಗಿಗಳಿಗೆ ಹಂಚಿಹೋಗುತ್ತದೆ. ಗೋಲ್‌ಕೀಪರ್ ಅಂಗಿಗೆ ಬಣ್ಣವೂ ಬೇರೆ, ವಿನ್ಯಾಸವೂ ಬೇರೆ, ಮೊಣಕೈಗೆ ಒಳಪದರವೂ ಬೇಕು. ಆ ಖರ್ಚೆಲ್ಲ ಒಂದೇ ಅಂಗಿಯ ತಲೆಯ ಮೇಲೆ ಬೀಳುತ್ತದೆ. ಕಾಲೇಜಿನವರು ಹಣವಿಲ್ಲ ಎಂದಿದ್ದಾರೆ, ಹುಡುಗಿಯರು ತಲಾ 450 ರೂಪಾಯಿ ಕೂಡಿಸುತ್ತಿದ್ದೀರಿ. ಅವರಿಗೆ ಹೊರೆಯಾಗಬಾರದೆಂದು ನೀನು ಸುಮ್ಮನೆ ಹಿಂದೆ ಸರಿದಿದ್ದೀಯ.

ಅಳತೆ ಕಳುಹಿಸಿದ ದಿನವೇ ನೀನು ಇನ್ನೊಂದು ಮಾತನ್ನೂ ಕೇಳಿದ್ದೆ. ‘ಅಪ್ಪಾ, ಒಂದು ಕ್ಲಬ್ಬಿನ ಅಂಗಿ ಮಾಡುವ ಹಕ್ಕಿಗಾಗಿ ಕಂಪನಿಯೇ ಕ್ಲಬ್ಬಿಗೆ ಹತ್ತು ಸಾವಿರ ಕೋಟಿ ಕೊಡುತ್ತದೆ. ಹಣದ ವಿಷಯದಲ್ಲಿ ನ್ಯಾಯ ಇರಬೇಕೆಂದು ಅಲ್ಲಿ ನಿಯಮವೂ ಇದೆಯಂತೆ. ಇದು ಯಾವ ನ್ಯಾಯ?’ ಆಗ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಸರಿಯಾಗಿ ಉತ್ತರಿಸಲಾಗಲಿಲ್ಲ. ಮೂರು ದಿನ ಹೀಟ್ ಪ್ರೆಸ್ ಮುಂದೆ ನಿಂತು ಅದನ್ನೇ ಯೋಚಿಸಿದ್ದೇನೆ.

ನೀನು ಹೇಳಿದ ಲೆಕ್ಕ ಸರಿಯಾಗಿಯೇ ಇದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು 2014ರಲ್ಲಿ ಕ್ರೀಡಾ ಉಡುಪಿನ ಕಂಪನಿ ಅಡಿಡಾಸ್ ಜೊತೆ ಹತ್ತು ವರ್ಷಕ್ಕೆ 75 ಕೋಟಿ ಪೌಂಡಿನ ಒಪ್ಪಂದ ಮಾಡಿಕೊಂಡಿತು. 2023ರಲ್ಲಿ ಅದನ್ನು 2035ರವರೆಗೆ ಮುಂದುವರಿಸಿದರು, ಈ ಸಲ ಕನಿಷ್ಠ 90 ಕೋಟಿ ಪೌಂಡು. ನಮ್ಮ ಹಣದಲ್ಲಿ ಹೆಚ್ಚು ಕಡಿಮೆ ಹತ್ತು ಸಾವಿರ ಕೋಟಿ. ಕಂಪನಿ ಇಷ್ಟು ಸುರಿಯುವುದು ಹನ್ನೊಂದು ಜನರಿಗೆ ಬಟ್ಟೆ ಹೊಲಿದುಕೊಡುವುದಕ್ಕಲ್ಲ. ಆ ಅಂಗಿಯನ್ನು ಜಗತ್ತಿನ ಊರೂರಿನಲ್ಲಿ ಮಾರುವ ಹಕ್ಕಿಗೆ. ಅಂಗಿ ಎಷ್ಟೇ ಮಾರಾಟವಾದರೂ ಅದರ ಬೆಲೆಯ ಬಹುಪಾಲು ಹೋಗುವುದು ತಯಾರಕರಿಗೆ ಮತ್ತು ಅಂಗಡಿಗಳಿಗೆ. ಕ್ಲಬ್ಬಿಗೆ ಗಟ್ಟಿ ಹಣವೆಂದರೆ ಒಪ್ಪಂದದ ಈ ಖಾತರಿ ಮೊತ್ತವೇ. ಹೊಸ ಒಪ್ಪಂದದಲ್ಲಿ ಇನ್ನೊಂದು ಷರತ್ತು ಇದೆ: ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗನ್ನು ತಂಡ ಆಡದ ಪ್ರತಿ ವರ್ಷಕ್ಕೂ ಒಂದು ಕೋಟಿ ಪೌಂಡು ಕಡಿತ. ಗೆಲ್ಲುವವರಿಗೆ ಹೆಚ್ಚು, ಸೋಲುವವರಿಗೆ ಕಡಿಮೆ. ವ್ಯಾಪಾರದ ದೃಷ್ಟಿಯಿಂದ ಅದನ್ನು ತಪ್ಪೆನ್ನಲಾರೆ.

ಇದರ ಪಕ್ಕದಲ್ಲಿ ನಮ್ಮ ದೇಶದ ಒಂದು ಲೆಕ್ಕ ಇಡುತ್ತೇನೆ. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ತನ್ನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಕ್ಕೆ ಬಿಟ್ಟುಕೊಟ್ಟದ್ದು 700 ಕೋಟಿ ರೂಪಾಯಿಗೆ. ಇಡೀ ದೇಶದ ಫುಟ್‌ಬಾಲಿನ ಬೆಲೆ ಅದು. ಆ ಒಪ್ಪಂದದ ಅವಧಿ ಮುಗಿಯುತ್ತಾ ಬಂದಾಗ, ಹೊಸ ಒಪ್ಪಂದ ಆಗದೆ, 2025ರ ಜುಲೈಯಲ್ಲಿ ದೇಶದ ಮೊದಲ ದರ್ಜೆಯ ಇಂಡಿಯನ್ ಸೂಪರ್ ಲೀಗನ್ನೇ ತಡೆಹಿಡಿದರು. ಮರುತಿಂಗಳು ನಮ್ಮ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಸಂಬಳ ನಿಲ್ಲಿಸಿತು. ಆ ಸುದ್ದಿ ಓದಿದ ರಾತ್ರಿ ನೀನು ಫೋನ್ ಮಾಡಿ, ಅಪ್ಪಾ, ಹುಡುಗರಿಗೇ ಹೀಗಾದರೆ ಹುಡುಗಿಯರ ಗತಿ ಏನು ಎಂದು ಕೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈಗ ನ್ಯಾಯದ ಮಾತಿಗೆ ಬರುತ್ತೇನೆ.

ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ, ಮಿಷೆಲ್ ಪ್ಲಾಟಿನಿ ಅಧ್ಯಕ್ಷರಾಗಿದ್ದಾಗ, 2009ರಲ್ಲಿ ‘ಫೈನಾನ್ಷಿಯಲ್ ಫೇರ್ ಪ್ಲೇ’, ಅಂದರೆ ಹಣದ ವಿಷಯದಲ್ಲಿ ನ್ಯಾಯದ ಆಟ, ಎಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ಅದರ ತಿರುಳು ನಮ್ಮ ಮನೆಯ ಮಾತೇ: ಹಾಸಿಗೆ ಇದ್ದಷ್ಟು ಕಾಲು ಚಾಚು. ಕ್ಲಬ್ಬು ಆಟದಿಂದ ಗಳಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡಬಾರದು. 2022ರಲ್ಲಿ ನಿಯಮ ಬದಲಿಸಿದರು. ಆಟಗಾರರ ಸಂಬಳ, ಖರೀದಿ, ಏಜೆಂಟರ ಹಣ ಎಲ್ಲ ಸೇರಿ ಆದಾಯದ ಶೇ. 70 ಮೀರಬಾರದು ಎಂದು ಹಂತ ಹಂತವಾಗಿ ಜಾರಿಗೆ ತಂದರು.

ಈ ನಿಯಮ ಬೇಕು, ಮಗಳೇ. ಇಂಗ್ಲೆಂಡಿನಲ್ಲಿ ಬರಿ ಎಂಬ ಊರಿನ ಕ್ಲಬ್ಬು 1885ರಲ್ಲಿ ಹುಟ್ಟಿದ್ದು, ಎರಡು ಸಲ ಆ ದೇಶದ ದೊಡ್ಡ ಪಂದ್ಯಾವಳಿಯಾದ ಎಫ್‌ಎ ಕಪ್ ಗೆದ್ದದ್ದು. 2019ರಲ್ಲಿ ಆ ತಂಡ ಆಡಿ ಗೆದ್ದು ಮೇಲಿನ ದರ್ಜೆಗೆ ಏರಿತು. ಕೆಲವೇ ತಿಂಗಳಲ್ಲಿ, ಆಗಸ್ಟ್‌ನಲ್ಲಿ, ನಡೆಸಲು ಹಣವಿದೆಯೆಂದು ತೋರಿಸಲಾಗದೆ ಲೀಗಿನಿಂದಲೇ ಹೊರಬಿತ್ತು. ಮೈದಾನದಲ್ಲಿ ಗೆದ್ದವರು ಲೆಕ್ಕದ ಪುಸ್ತಕದಲ್ಲಿ ಸತ್ತರು. ನೂರ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಕೈಹಿಡಿದು ಅಲ್ಲಿಗೆ ಹೋಗುತ್ತಿದ್ದ ಊರಿನವರು ಮರುವಾರ ಎಲ್ಲಿಗೆ ಹೋದಾರು?

ಆದರೆ ಈ ನಿಯಮ ನೋಡುವುದು ಲೆಕ್ಕವನ್ನು ಮಾತ್ರ. ನೂರು ಕೋಟಿ ಗಳಿಸುವ ಕ್ಲಬ್ಬು ಎಪ್ಪತ್ತು ಕೋಟಿ ಖರ್ಚು ಮಾಡಬಹುದು, ಹತ್ತು ಕೋಟಿ ಗಳಿಸುವ ಕ್ಲಬ್ಬು ಏಳು ಕೋಟಿ. ಇಬ್ಬರ ಪುಸ್ತಕವೂ ಶುದ್ಧ. ಇಬ್ಬರೂ ಒಂದೇ ಮೈದಾನಕ್ಕೆ ಇಳಿದಾಗ ಒಂದು ಕಡೆ ಎಪ್ಪತ್ತು, ಇನ್ನೊಂದು ಕಡೆ ಏಳು. ಮೊದಲೇ ಹೆಸರಿದ್ದವರಿಗೆ ದೊಡ್ಡ ಅಂಗಿಯ ಒಪ್ಪಂದ, ದೊಡ್ಡ ಒಪ್ಪಂದದಿಂದ ದೊಡ್ಡ ಆದಾಯ, ಅದರಿಂದ ಒಳ್ಳೆಯ ಆಟಗಾರರು, ಅವರಿಂದ ಇನ್ನಷ್ಟು ಹೆಸರು. ಏಳು ಕೋಟಿಯವನಿಗೆ ಸಾಲ ಮಾಡಿ ಸಾಯಬೇಡ ಎಂದು ಹೇಳುವುದು ಸರಿ. ನೀನು ಎಂದೂ ಏಳು ಕೋಟಿಯವನಾಗಿಯೇ ಇರು ಎಂದೂ ಅದೇ ನಿಯಮ ಹೇಳುತ್ತದಲ್ಲ, ಅದೇ ನನ್ನನ್ನು ಕೊರೆಯುತ್ತದೆ. ನಿಯಮಕ್ಕೆ ಲೆಕ್ಕ ಎಂದು ಹೆಸರಿಟ್ಟಿದ್ದರೆ ನನಗೆ ಜಗಳವಿರಲಿಲ್ಲ. ನ್ಯಾಯ ಎಂದು ಕರೆದದ್ದಕ್ಕೆ ಹೊಟ್ಟೆ ಉರಿಯುತ್ತದೆ.

ಲೆಕ್ಕವನ್ನಾದರೂ ಎಲ್ಲರೂ ನೆಟ್ಟಗೆ ಬರೆಯುತ್ತಾರೆಯೇ? ನೀನು ಆರನೇ ತರಗತಿಯಲ್ಲಿದ್ದಾಗ ಹಳ್ಳಿಗಳ ನಡುವಿನ ಟೂರ್ನಿಗೆ ಒಂದು ತಂಡ ಹದಿನಾರು ಅಂಗಿ ಮಾಡಿಸಿಕೊಂಡಿತು. ಕೆಲಸ ಐದು ಸಾವಿರ ರೂಪಾಯಿಯದು. ತಂಡ ನೋಡಿಕೊಳ್ಳುತ್ತಿದ್ದವರು ಹನ್ನೆರಡು ಸಾವಿರಕ್ಕೆ ಬಿಲ್ಲು ಬರೆದುಕೊಡಿ ಎಂದರು. ಎದೆಯ ಮೇಲೆ ಹೆಸರು ಹಾಕಿಸಿದ್ದ ಪ್ರಾಯೋಜಕರು ಅವರ ಸಂಬಂಧಿಕರೇ. ನಾನು ಒಪ್ಪಲಿಲ್ಲ. ಅವರು ಮತ್ತೆಂದೂ ನಮ್ಮ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ನೀನು ಆಗ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೆಳಗೆ ಕುಳಿತಿದ್ದೆ, ಅವರು ಹೋದ ಮೇಲೆ, ಅಪ್ಪಾ, ಏಳು ಸಾವಿರ ಯಾರಿಗೆ ಎಂದು ಕೇಳಿದ್ದೆ.

ಅದೇ ಪ್ರಶ್ನೆಯನ್ನು ಯುಇಎಫ್‌ಎ ಕೂಡ ಕೇಳಬೇಕಾಯಿತು. ಪ್ಯಾರಿಸ್ ಸೇಂಟ್ ಜರ್ಮೇನ್ ಕ್ಲಬ್ಬಿನ ಮಾಲೀಕತ್ವ ಕತಾರಿನದು, ಅದಕ್ಕೆ ಭಾರೀ ಹಣ ಕೊಡುತ್ತಿದ್ದದ್ದು ಕತಾರಿನ ಪ್ರವಾಸೋದ್ಯಮ ಸಂಸ್ಥೆ. ಈ ಪ್ರಾಯೋಜಕತ್ವಕ್ಕೆ ನಿಜವಾಗಿ ಅಷ್ಟು ಬೆಲೆ ಇಲ್ಲವೆಂದು 2014ರಲ್ಲಿ ಯುಇಎಫ್‌ಎ ತೀರ್ಮಾನಿಸಿತು. ಪ್ರಾಯೋಜಕರ ಹಣವನ್ನು ಲೆಕ್ಕದಲ್ಲಿ ಹೆಚ್ಚಿಸಿ ತೋರಿಸಿದ ಆರೋಪದ ಮೇಲೆ ಇಂಗ್ಲೆಂಡಿನ ಇನ್ನೊಂದು ಕ್ಲಬ್ಬಾದ ಮ್ಯಾಂಚೆಸ್ಟರ್ ಸಿಟಿಗೆ 2020ರ ಫೆಬ್ರುವರಿಯಲ್ಲಿ ಯುರೋಪಿನ ಟೂರ್ನಿಗಳಿಂದ ಎರಡು ವರ್ಷ ನಿಷೇಧ ಹೇರಿದರು. ಜುಲೈಯಲ್ಲಿ ಕ್ರೀಡಾ ನ್ಯಾಯಮಂಡಳಿ ಅದನ್ನು ತೆಗೆದುಹಾಕಿತು. ಆರೋಪಗಳಲ್ಲಿ ಹೆಚ್ಚಿನವು ಸಾಬೀತಾಗಲಿಲ್ಲ ಅಥವಾ ಕಾಲಮಿತಿ ಮೀರಿದ್ದವು ಎಂದಿತು. ದಂಡ ಮಾತ್ರ ಉಳಿಯಿತು, ಅದೂ ಮೂರು ಕೋಟಿ ಯೂರೋದಿಂದ ಒಂದು ಕೋಟಿಗೆ ಇಳಿಯಿತು. ಪ್ರಾಯೋಜಕತ್ವಕ್ಕೆ ಸರಿಯಾದ ಬೆಲೆ ಕಟ್ಟುವುದು ಅಷ್ಟು ಕಷ್ಟದ ಕೆಲಸ. ಬಟ್ಟೆಗಾದರೆ ಮೀಟರಿಗಿಷ್ಟು ಎನ್ನಬಹುದು. ಹೆಸರಿಗೆ ಮೀಟರು ಎಲ್ಲಿದೆ?

ನಮ್ಮ ಗೋವಾದಲ್ಲಿ ಆದದ್ದನ್ನು ನೀನೂ ತಿಳಿದಿರಬೇಕು. ನಾನು ಗದಗಿನಿಂದ ಇಲ್ಲಿಗೆ ಬಂದ ಹೊಸದರಲ್ಲಿ, ಸಂಜೆ ಯಂತ್ರ ನಿಲ್ಲಿಸಿ ಫುಟ್‌ಬಾಲ್ ನೋಡಲು ತಿಲಕ್ ಮೈದಾನಕ್ಕೆ ಓಡುತ್ತಿದ್ದೆ. ಕೊಂಕಣಿ ಬಾರದ ನನಗೆ ಈ ಊರು ಮೊದಲು ಮಾತನಾಡಿದ್ದು ಅಲ್ಲಿಯೇ. 1998–99ರಲ್ಲಿ ಸಾಲ್ಗಾವ್ಕರ್ ರಾಷ್ಟ್ರೀಯ ಲೀಗ್ ಗೆದ್ದಿತು, ಗೋವಾದ ಕ್ಲಬ್ಬೊಂದು ಗೆದ್ದದ್ದು ಅದೇ ಮೊದಲು. ಆ ವರ್ಷ ಇಲ್ಲಿನ ಬಾಯಣಾ ಬಡಾವಣೆಯ ಮಕ್ಕಳೆಲ್ಲ ಸಾಲ್ಗಾವ್ಕರ್‌ನ ಹಸಿರು ಅಂಗಿಯೇ ಬೇಕೆಂದು ಹಟ ಹಿಡಿದರು. ಹಸಿರು ಬಟ್ಟೆಯ ಥಾನು ಸಾಲದೆ ಬೆಳಗಾವಿಯಿಂದ ತರಿಸಿದ್ದೆ. ಗೋವಾದ್ದೇ ಆದ ಡೆಂಪೋ ಕ್ಲಬ್ಬು ಐದು ಸಲ ದೇಶದ ಚಾಂಪಿಯನ್ ಆಯಿತು. ಗಣಿ ಉದ್ಯಮದಿಂದ ಬೆಳೆದ ಮನೆತನಗಳು ಕಟ್ಟಿದ ಕ್ಲಬ್ಬುಗಳವು, ಆದರೂ ಆಡುತ್ತಿದ್ದವರಲ್ಲಿ ಎಷ್ಟೋ ಮಂದಿ ಇಲ್ಲಿನ ಹಳ್ಳಿಗಳ ಹುಡುಗರೇ.

ಆಮೇಲೆ 2014ರಲ್ಲಿ ಸೂಪರ್ ಲೀಗ್ ಬಂತು. ಅದನ್ನೇ ದೇಶದ ಮೊದಲ ದರ್ಜೆಯ ಲೀಗ್ ಮಾಡಿ, ಅದುವರೆಗೆ ಆ ಸ್ಥಾನದಲ್ಲಿದ್ದ ಐ–ಲೀಗನ್ನು ಕೆಳಗಿಳಿಸುವ ಯೋಜನೆ 2016ರಲ್ಲಿ ಮುಂದೆ ಬಂತು. ಕೆಳಗಿನವರು ಗೆದ್ದರೂ ಮೇಲೇರುವ ದಾರಿ ಅದರಲ್ಲಿ ಇರಲಿಲ್ಲ. ಸಾಲ್ಗಾವ್ಕರ್, ಸ್ಪೋರ್ಟಿಂಗ್ ಗೋವಾ, ಡೆಂಪೋ ಮೂರೂ ಪ್ರತಿಭಟಿಸಿ ಐ–ಲೀಗಿನಿಂದ ಹೊರಬಂದವು. ಆ ಕ್ಲಬ್ಬುಗಳು ದಿವಾಳಿಯಾಗಿ ಹೊರಹೋಗಿರಲಿಲ್ಲ ಎಂಬುದನ್ನು ಮರೆಯಬೇಡ. ಐದು ಸಲ ಗೆದ್ದವರಿಗೂ ಏಣಿ ಇಲ್ಲದಂತಾಯಿತು, ಅಷ್ಟೆ. ಹಸಿರು ಥಾನು ಇನ್ನೂ ಅಟ್ಟದ ಮೇಲಿದೆ. ಈಗಿನ ಮಕ್ಕಳು ಯುನೈಟೆಡ್‌ನ ಕೆಂಪು ಅಂಗಿ ಕೇಳುತ್ತಾರೆ, ತೋಳಿಗೆ ಮೂರು ಪಟ್ಟಿ ಹಾಕಿಕೊಡಿ ಎನ್ನುತ್ತಾರೆ. ನಾನು ಹಾಕುವುದಿಲ್ಲ. ಅದು ಅಡಿಡಾಸ್‌ನವರ ಗುರುತು.

ಹಣವೇ ಕೆಟ್ಟದ್ದು ಎಂದು ನಿನಗೆ ಹೇಳುತ್ತಿಲ್ಲ. ಎದೆಯ ಮೇಲೆ ಹೆಸರು ಮುದ್ರಿಸಿಯೇ ನಿನ್ನನ್ನು ಓದಿಸಿದ್ದೇನೆ. ಆದರೂ ಒಂದು ಅಂಗಿ ನನಗೆ ತುಂಬ ಇಷ್ಟ. ಸ್ಪೇನಿನ ಬಾರ್ಸಿಲೋನಾ 1899ರಲ್ಲಿ ಹುಟ್ಟಿದ ಕ್ಲಬ್ಬು, ನೂರು ವರ್ಷಕ್ಕೂ ಹೆಚ್ಚು ಕಾಲ ಎದೆಯನ್ನು ಯಾವ ಕಂಪನಿಗೂ ಮಾರಲಿಲ್ಲ. 2006ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆಯಾದ ಯುನಿಸೆಫ್ ಹೆಸರು ಹಾಕಿಕೊಂಡಾಗ ಹಣ ತೆಗೆದುಕೊಳ್ಳಲಿಲ್ಲ, ತಾನೇ ವರ್ಷಕ್ಕೆ 15 ಲಕ್ಷ ಯೂರೋ ಮಕ್ಕಳಿಗಾಗಿ ಕೊಟ್ಟಿತು. 2011ರಲ್ಲಿ ಅಲ್ಲಿಗೂ ಕತಾರಿನ ಹಣ ಬಂತು. ಆ ಐದು ವರ್ಷದ ಅಂಗಿಯ ಚಿತ್ರ ಅಂಗಡಿಯ ಕನ್ನಡಿಯ ಪಕ್ಕದಲ್ಲಿದೆಯಲ್ಲ, ಅದನ್ನು ತೆಗೆದಿಲ್ಲ.

ನ್ಯಾಯ ಎಂದರೆ ಏನೆಂದು ನನ್ನನ್ನು ಕೇಳಿದರೆ, ಜಗತ್ತಿನ ಫುಟ್‌ಬಾಲ್ ಒಕ್ಕೂಟವಾದ ಫಿಫಾದ ಒಂದು ಚಿಕ್ಕ ನಿಯಮವನ್ನು ತೋರಿಸುತ್ತೇನೆ. ಒಪ್ಪಂದ ಮುಗಿಯುವ ಮೊದಲೇ ಆಟಗಾರನೊಬ್ಬ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಮಾರಾಟವಾದರೆ, ಅವನು ಹನ್ನೆರಡರಿಂದ ಇಪ್ಪತ್ಮೂರು ವರ್ಷದವನಿದ್ದಾಗ ಕಲಿಸಿದ ಕ್ಲಬ್ಬುಗಳಿಗೆ ಆ ಹಣದ ಶೇ. 5 ಹಂಚಿಕೆಯಾಗಬೇಕು. ಮೊದಲು ಚೆಂಡು ಕೊಟ್ಟವರ ಪಾಲು ಅದು. ಆಟಗಾರನಿಗೆ ಹೀಗೆ ಪಾಲು ಇದೆ ಎಂದಾದರೆ ಅಂಗಿಗೆ ಏಕಿಲ್ಲ? ಹತ್ತು ಸಾವಿರ ಕೋಟಿಯಲ್ಲಿ ನೂರಕ್ಕೆ ಐದನ್ನು ತೆಗೆದಿಟ್ಟು, ಕೆಳಗಿನ ದರ್ಜೆಯ ಕ್ಲಬ್ಬುಗಳಿಗೆ, ಶಾಲೆಯ ತಂಡಗಳಿಗೆ, ಹುಡುಗಿಯರ ತಂಡಗಳಿಗೆ ಕೊಡಲಿ. ಐನೂರು ಕೋಟಿ ಆಗುತ್ತದೆ. ಒಂದೇ ಕ್ಲಬ್ಬಿನ ಒಂದೇ ಒಪ್ಪಂದದಿಂದ!

ಕೊನೆಗೆ ನಿನ್ನ ಅಂಗಿಯ ವಿಷಯ. 2023ರ ಮಹಿಳಾ ವಿಶ್ವಕಪ್ ನಾವು ಮೂವರೂ ಕುಳಿತು ನೋಡಿದ್ದು ನೆನಪಿದೆಯೇ? ಫೈನಲ್‌ನಲ್ಲಿ ಇಂಗ್ಲೆಂಡಿನ ಮೇರಿ ಅರ್ಪ್ಸ್ ಪೆನಾಲ್ಟಿ ತಡೆದಾಗ ನೀನು ಕುರ್ಚಿಯ ಮೇಲೆ ನಿಂತಿದ್ದೆ. ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಅವರಿಗೇ ಬಂತು. ಆ ಟೂರ್ನಿಯಲ್ಲಿ ನೈಕಿ ಕಂಪನಿ ಇಂಗ್ಲೆಂಡ್ ತಂಡದ ಉಳಿದ ಅಂಗಿಗಳನ್ನು ಮಾರಾಟಕ್ಕೆ ಇಟ್ಟಿತ್ತು, ಅವರ ಅಂಗಿಯನ್ನು ಮಾತ್ರ ಇಟ್ಟಿರಲಿಲ್ಲ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಕೇಳಿದ ಮೇಲೆ ಸ್ವಲ್ಪ ಸಂಖ್ಯೆಯಲ್ಲಿ ತಂದರು, ತಂದದ್ದು ಕೆಲವೇ ಗಂಟೆಗಳಲ್ಲಿ ಖಾಲಿಯಾಯಿತು. ಅಷ್ಟು ದೊಡ್ಡ ಕಂಪನಿಯ ಪಟ್ಟಿಯಲ್ಲಿ ಖಾಲಿ ಬಿದ್ದ ಸಾಲೇ ನಿನ್ನ ಪಟ್ಟಿಯಲ್ಲೂ ಖಾಲಿ ಇದೆ. ಅವರದನ್ನು ಬೇರೆಯವರು ಖಾಲಿ ಬಿಟ್ಟರು. ನಿನ್ನದನ್ನು ನೀನೇ ಬಿಟ್ಟೆ.

ನಿನ್ನ ಅಂಗಿಗೆ ಕಿತ್ತಳೆ ಬಣ್ಣದ ವಿನ್ಯಾಸ ಮಾಡಿಸಿದ್ದೇನೆ. ಹೆಚ್ಚಿಗೆ ಬಿದ್ದದ್ದು 360 ರೂಪಾಯಿ. ಅದನ್ನು ಹದಿನೆಂಟು ಅಂಗಿಗಳಿಗೂ ಹಂಚಿದ್ದೇನೆ, ತಲಾ ಇಪ್ಪತ್ತು. ನಾನೇ ಹಾಕಿಬಿಡಬಹುದಿತ್ತು, ಅವ್ವನೂ ಹಾಗೆಯೇ ಎಂದಳು. ಆದರೆ ನೀನು ಕಾಯುವುದು ಎಲ್ಲರ ಗೋಲನ್ನು, ಆದ್ದರಿಂದ ಎಲ್ಲರ ಹಣವೂ ಅದರಲ್ಲಿ ಇರಲಿ. ನಿನ್ನ ಗೆಳತಿಯರಿಗೆ ಸಂಕೋಚವಿಲ್ಲದೆ 470 ಎಂದು ಹೇಳು. ಯಾರಿಗಾದರೂ ಕಷ್ಟವಾದರೆ ನನಗೆ ಮಾತ್ರ ತಿಳಿಸು.

ಪಕ್ಕದ ಬೀದಿಯವರೊಬ್ಬರು ಗುರುವಾರ ಗೋವಾ ಎಕ್ಸ್‌ಪ್ರೆಸ್‌ನಲ್ಲಿ ಪುಣೆಗೆ ಹೊರಟಿದ್ದಾರೆ, ಗಂಟು ಅವರ ಕೈಯಲ್ಲಿ ಕಳುಹಿಸುತ್ತೇನೆ. ಅವ್ವ ಚಟ್ನಿಪುಡಿಯನ್ನೂ ಇಡುತ್ತಾಳೆ. ಕಳೆದ ದೀಪಾವಳಿಗೆ ಅಳೆದಾಗ ನಿನ್ನ ತೋಳು ಇಪ್ಪತ್ತೆರಡು ಇಂಚು ಇತ್ತು. ಕೈ ಮೇಲೆತ್ತಿದಾಗ ಹಳೆಯ ಅಂಗಿ ಮಣಿಕಟ್ಟಿನಿಂದ ಮೇಲೆ ಸರಿಯುತ್ತದೆ ಎಂದಿದ್ದೆಯಲ್ಲ, ಗೆಳತಿಯ ಕೈಯಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ಸರಿಯಾಗಿ ಅಳೆಸಿ ನಾಳೆ ಬೆಳಿಗ್ಗೆ ಕಳುಹಿಸು. ಬಟ್ಟೆ ಮೇಜಿನ ಮೇಲೆ ಹಾಸಿಟ್ಟಿದ್ದೇನೆ.

ನಿನ್ನ
ಅಪ್ಪ