ಬೇಸಿಗೆ ಓದಿನ ಪಟ್ಟಿಗೆ ಬರೀ ಹೆಸರು ಸಾಲದು

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿದ ಕೂಡಲೇ ಪತ್ರಿಕೆಗಳಲ್ಲಿ ಹೊಸ ಪುಸ್ತಕಗಳ ಪಟ್ಟಿ ಬರುತ್ತದೆ. ಹೆಸರು, ಲೇಖಕರು, ಬೆಲೆ, ಅಲ್ಲಿಗೆ ಮುಗಿಯಿತು. ಯಾವ ಮಗುವಿಗೆ ಯಾವುದು ಎಂಬುದೇ ಇರುವುದಿಲ್ಲ. ಇದ್ದರೂ ‘10 ವರ್ಷ ಮೇಲ್ಪಟ್ಟವರಿಗೆ’ ಎಂದಷ್ಟೇ. ನಮ್ಮ ಕಡೆ ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಒಂದು ಪೀರಿಯಡ್. ಅಂಥ ಮಗು ಹತ್ತು ವರ್ಷದ್ದಾದರೂ ಒತ್ತಕ್ಷರಗಳಲ್ಲೇ ಮುಗ್ಗರಿಸಿ ಮೂರನೇ ಪುಟಕ್ಕೆ ಪುಸ್ತಕ ಮುಚ್ಚುತ್ತದೆ.

ವಯಸ್ಸಿಗಿಂತ ಪುಸ್ತಕದಲ್ಲಿರುವ ಪದಗಳ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಪುಸ್ತಕಗಳನ್ನು ಪ್ರಕಟಿಸುವ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ನಾಲ್ಕು ಹಂತ ಮಾಡಿದೆ: ಮೊದಲನೆಯದಕ್ಕೆ 250 ಪದಗಳವರೆಗೆ, ಎರಡನೆಯದಕ್ಕೆ 600, ಮೂರನೆಯದಕ್ಕೆ 1500, ಅದಕ್ಕಿಂತ ಹೆಚ್ಚಿದ್ದರೆ ನಾಲ್ಕನೆಯ ಹಂತ. ಹಂತ ನಮೂದಿಸದ ಪುಸ್ತಕವಾದರೆ ಅಂಗಡಿಯಲ್ಲೇ ನಡುವಿನ ಒಂದು ಪುಟ ತೆರೆದು ಮಗುವಿನಿಂದ ಗಟ್ಟಿಯಾಗಿ ಓದಿಸಿ. ಗೊತ್ತಾಗದ ಪದಕ್ಕೊಂದು ಬೆರಳು ಮಡಚಲಿ. ಪುಟ ಮುಗಿಯುವ ಮೊದಲೇ ಐದೂ ಮಡಚಿದರೆ ಆ ಪುಸ್ತಕ ಮುಂದಿನ ವರ್ಷಕ್ಕೆ. ಒಂದೂ ಮಡಚದಿದ್ದರೆ ತೀರಾ ಸುಲಭವಾಯಿತು, ಆದರೂ ರಜೆಯ ಓದಿಗೆ ಅಡ್ಡಿಯಿಲ್ಲ.

ಕರಾವಳಿಯವರಿಗೆ ಬೈಂಡಿಂಗ್ ವಿಚಾರವನ್ನೂ ಹೇಳಬೇಕು. ತೆಳು ಮಕ್ಕಳ ಪುಸ್ತಕಗಳಿಗೆ ಹೆಚ್ಚಾಗಿ ಸೆಂಟರ್ ಪಿನ್, ಅಂದರೆ ನಡುವಿನ ಮಡಿಕೆಗೆ ಹೊಡೆದ ತಂತಿ ಪಿನ್. ನಮ್ಮ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದು ಬಣ್ಣವಾಗುತ್ತದೆ; ಆಮೇಲೆ ನಡುವಿನ ಹಾಳೆ ಅಲ್ಲೇ ಹರಿದು ಕೈಗೆ ಬರುತ್ತದೆ. ಹೊಸದಿರುವಾಗಲೇ ಪಿನ್ ಕಿತ್ತು, ಮಡಿಕೆಯಲ್ಲಿ ಮೂರು ತೂತು ಮಾಡಿ, ದಪ್ಪ ಹತ್ತಿನೂಲಿನಿಂದ ಹೊಲಿಯಬಹುದು. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಗೆ, ಮೇಲಿನದರಲ್ಲಿ ಒಳಗೆ, ಕೆಳಗಿನದರಲ್ಲಿ ಹೊರಗೆ, ಮತ್ತೆ ನಡುವಿಗೆ ಬಂದು ಒಳಗಡೆ ಗಂಟು. ಐದು ನಿಮಿಷದ ಕೆಲಸ. ಗಮ್ ಬೈಂಡಿಂಗಿನ, ಅಂದರೆ ಹಾಳೆಗಳನ್ನು ಬೆನ್ನಿಗೆ ಅಂಟಿಸಿದ ಪುಸ್ತಕವನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಅಂಟು ಮೆತ್ತಗಾಗಿ ಹಾಳೆ ಉದುರಲು ಶುರುವಾಗುತ್ತದೆ. ಹೊಳಪಿನ ಆರ್ಟ್ ಪೇಪರ್ ಒದ್ದೆಯಾದರೆ ಪುಟಕ್ಕೆ ಪುಟ ಅಂಟಿಕೊಳ್ಳುತ್ತದೆ. ಒಣಗಿದ ಮೇಲೆ ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ.

ದೊಡ್ಡವರ ಪಟ್ಟಿಯ ಬಗ್ಗೆ ಒಂದೇ ತಕರಾರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ನ 12 ಕತೆಗಳೂ ಮೊದಲು ಬರೆದದ್ದು ಕನ್ನಡದಲ್ಲಿ. ದೀಪಾ ಭಾಸ್ತಿ ಅವರ ಅನುವಾದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಆದರೆ ಕನ್ನಡ ಪತ್ರಿಕೆ ಕನ್ನಡ ಓದುಗರಿಗೆ ಶಿಫಾರಸು ಮಾಡುವಾಗ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಮೂಲ ಕತೆಗಳು ಯಾವ ಕನ್ನಡ ಸಂಕಲನದಲ್ಲಿ ಸಿಗುತ್ತವೆ ಎಂಬ ಒಂದು ಸಾಲಾದರೂ ಬೇಡವೇ?

ಮುಂದಿನ ಪಟ್ಟಿಯಲ್ಲಿ ಪುಟಸಂಖ್ಯೆ, ಅಕ್ಷರದ ಗಾತ್ರ, ಬೈಂಡಿಂಗ್, ಪ್ರಕಾಶಕರ ಊರು ಇಷ್ಟನ್ನು ಸೇರಿಸಿ. ಮಾರ್ಚ್ ಕೊನೆಗೇ ಪ್ರಕಟಿಸಿ. ಮೇ ನಡುವಿಗೆ ಬಂದರೆ ಅಂಗಡಿಯಲ್ಲಿ ನೋಟ್‌ಬುಕ್ ರಾಶಿಯ ಹಿಂದೆ ಕತೆ ಪುಸ್ತಕ ಹುಡುಕಬೇಕಾಗುತ್ತದೆ.

– ಒಬ್ಬ ಗ್ರಂಥಪಾಲಕಿ, ಉಡುಪಿ