ಬ್ರಾಟಿಸ್ಲಾವಾಕ್ಕೆ ಮೂರು ಗಂಟೆ ಸಾಲದು

ಮಾನ್ಯ ಸಂಪಾದಕರೇ,

ಯುರೋಪ್ ಪ್ರವಾಸದ ಜಾಹೀರಾತುಗಳಲ್ಲಿ ‘ವಿಯೆನ್ನಾ, ಜೊತೆಗೆ ಬ್ರಾಟಿಸ್ಲಾವಾ’ ಎಂಬ ಸಾಲನ್ನು ಈಚೆಗೆ ನೋಡುತ್ತಿದ್ದೇನೆ. ಹೋದ ವರ್ಷ ಮಗನ ಮನೆಗೆಂದು ವಿಯೆನ್ನಾಕ್ಕೆ ಹೋದಾಗ ನಾನೂ ಸೊಸೆಯೂ ಅಂಥದೇ ಒಂದು ದಿನದ ಪ್ರವಾಸಕ್ಕೆ, ಗೈಡ್ ಜೊತೆಗೆ, ಹೋಗಿ ಬಂದೆವು. ಹೊರಡಲಿರುವವರಿಗೂ ಇಂಥ ಪ್ರವಾಸಗಳನ್ನು ಏರ್ಪಡಿಸುವವರಿಗೂ ನನ್ನದೊಂದು ಮಾತಿದೆ.

ಬೆಳಿಗ್ಗೆ ಒಂಬತ್ತಕ್ಕೆ ಬಸ್ ಹತ್ತಿದವರು ಹತ್ತೂಕಾಲಿಗೆಲ್ಲ ಇನ್ನೊಂದು ದೇಶವಾದ ಸ್ಲೊವಾಕಿಯಾದ ರಾಜಧಾನಿಯಲ್ಲಿ ಇಳಿದಿದ್ದೆವು. ಎರಡೂ ನಗರಗಳ ನಡುವಿನ ದೂರ ಸುಮಾರು 60 ಕಿ.ಮೀ. ಅಷ್ಟೇ. ಗಡಿ ದಾಟಿದ್ದು ಗೊತ್ತಾಗಿದ್ದು ರಸ್ತೆ ಬದಿಯ ನೀಲಿ ಫಲಕದಿಂದ. ಸ್ಲೊವಾಕಿಯಾ 2007ರ ಡಿಸೆಂಬರ್‌ನಲ್ಲಿ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಷೆಂಗೆನ್ ವಲಯಕ್ಕೆ ಸೇರಿತು, 2009ರಲ್ಲಿ ಯೂರೋ ತಂದುಕೊಂಡಿತು. ಹಾಗಾಗಿ ಆಸ್ಟ್ರಿಯಾಕ್ಕೆ ಪಡೆದ ಷೆಂಗೆನ್ ವೀಸಾದಲ್ಲೇ ಹೋಗಬಹುದು, ದುಡ್ಡೂ ಬದಲಿಸಬೇಕಿಲ್ಲ. ಪಾಸ್‌ಪೋರ್ಟ್ ಮಾತ್ರ ಕೈಚೀಲದಲ್ಲಿರಲಿ.

ನಮ್ಮ ಗೈಡ್ ಆ ಊರಿನವರೇ, ಐವತ್ತರ ಆಸುಪಾಸಿನ ಹೆಂಗಸು. ಫಲಕ ಕಂಡ ಕೂಡಲೇ ಮೈಕ್ ಹಿಡಿದು ಹೇಳಿದರು: ಕಮ್ಯುನಿಸ್ಟ್ ಆಡಳಿತದಲ್ಲಿ ದಶಕಗಳ ಕಾಲ ಮುಚ್ಚಿದ್ದ ಗಡಿ ತೆರೆದಾಗ, 1989ರ ಡಿಸೆಂಬರ್ 10ರಂದು ಈ ಊರಿನ ಸಾವಿರಾರು ಜನ ಗಡಿಯಾಚೆ ಆಸ್ಟ್ರಿಯಾದ ಹೈನ್‌ಬುರ್ಗ್‌ವರೆಗೆ ನಡೆದು ಹೋದರು, ಶಾಲಾ ಹುಡುಗಿಯಾಗಿದ್ದ ತಾನೂ ಅಪ್ಪನ ಕೈ ಹಿಡಿದು ಹೋಗಿದ್ದೆ, ಅಪ್ಪ ಹುಟ್ಟಿದಾಗಿನಿಂದ ಆಚೆ ದಡ ನೋಡುತ್ತಲೇ ಇದ್ದರು, ಹೋಗಿದ್ದು ಅವತ್ತೇ ಮೊದಲು ಎಂದು. ಅಷ್ಟರಲ್ಲಿ ಬಸ್ ನಿಂತಿತು. ಉಳಿದದ್ದು ಆಮೇಲೆ ಹೇಳುತ್ತೇನೆ ಎಂದರು. ಆ ಆಮೇಲೆ ಬರಲೇ ಇಲ್ಲ.

ಏಕೆಂದರೆ ನಮಗೆ ಕೊಟ್ಟಿದ್ದು ಮೂರೇ ಗಂಟೆ. ಕೋಟೆಯ ಮುಂದೆ ಫೋಟೋಗೆ ಹತ್ತು ನಿಮಿಷ. ಮ್ಯಾನ್‌ಹೋಲಿನಿಂದ ತಲೆ ಹೊರಹಾಕಿ ನಗುವ ಚುಮಿಲ್ ಎಂಬ ಕಂಚಿನ ಪ್ರತಿಮೆಯ ಮುಂದೆ ಸರದಿ. ಅಂಗಡಿ ಬೀದಿಯಲ್ಲಿ ಪೂರಾ ಒಂದು ಗಂಟೆ. ಸಂತ ಮಾರ್ಟಿನ್ ಇಗರ್ಜಿಯನ್ನು ಹೊರಗಿನಿಂದ ನೋಡಿದ್ದೇ ಬಂತು. ಈ ಊರು ಆಗ ಹಂಗೆರಿಗೆ ಸೇರಿತ್ತು; ಅದರ ರಾಜಧಾನಿ ಬುಡಾ ತುರ್ಕರ ಪಾಲಾದ ಮೇಲೆ, 1563ರಿಂದ 1830ರವರೆಗೆ ಹಂಗೆರಿಯ ದೊರೆಗಳಿಗೆ ಪಟ್ಟ ಕಟ್ಟಿದ್ದು ಇಲ್ಲಿಯೇ. 1741ರಲ್ಲಿ ಮರಿಯಾ ತೆರೇಸಾಗೂ ಇಲ್ಲಿಯೇ. ಗೋಪುರದ ತುದಿಯಲ್ಲಿ ಶಿಲುಬೆಯ ಬದಲು ಚಿನ್ನದ ಬಣ್ಣದ ಕಿರೀಟ ಕೂತಿರುವುದು ಅದಕ್ಕೇ.

ನಾನು 28 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು. ಆಸ್ಟರ್‌ಲಿಟ್ಜ್ ಯುದ್ಧವಾದ ಮೇಲೆ 1805ರಲ್ಲಿ ನೆಪೋಲಿಯನ್ ಆಸ್ಟ್ರಿಯಾದ ಜೊತೆ ಮಾಡಿಕೊಂಡ ಪ್ರೆಸ್‌ಬರ್ಗ್ ಒಪ್ಪಂದವನ್ನು ಅದೆಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಪ್ರೆಸ್‌ಬರ್ಗ್ ಎಂದರೆ ಇದೇ ಊರು. ಬ್ರಾಟಿಸ್ಲಾವಾ ಎಂಬುದು 1919ರಲ್ಲಿ ಅಧಿಕೃತವಾದ ಹೆಸರು. ಸಹಿ ಬಿದ್ದ ಪ್ರಿಮೇಟ್ ಅರಮನೆಯ ಗುಲಾಬಿ ಗೋಡೆಯ ಮುಂದೆಯೇ ಹಾದುಹೋಗಿದ್ದೆ. ತಿಳಿದಿದ್ದು ರಾತ್ರಿ ವಿಯೆನ್ನಾದಲ್ಲಿ, ಮಗ ನಕ್ಷೆ ತೆಗೆದು ತೋರಿಸಿದಾಗ. ಅವತ್ತು ನನಗೆ ನಿದ್ದೆ ಹತ್ತಲಿಲ್ಲ.

ಮರುವಾರ ನಾವಿಬ್ಬರೇ ರೈಲಿನಲ್ಲಿ ಮತ್ತೆ ಹೋದೆವು, ಒಂದು ಗಂಟೆಯ ಪ್ರಯಾಣ. ಆಗಲೇ ಸೇತುವೆಯ ಕತೆ ಗೊತ್ತಾಗಿದ್ದು. ಡಾನ್ಯೂಬ್ ಮೇಲೆ ಹಾರುವ ತಟ್ಟೆಯಂಥ ರೆಸ್ಟೋರೆಂಟ್ ಹೊತ್ತು ನಿಂತಿರುವ ಸೇತುವೆಯ ಚಿತ್ರ ಎಲ್ಲ ಜಾಹೀರಾತಿನಲ್ಲೂ ಇರುತ್ತದೆ. 1972ರಲ್ಲಿ ಮುಗಿದ ಆ ಸೇತುವೆಗೂ ಅದರ ರಸ್ತೆಗೂ ದಾರಿ ಮಾಡಲು ಹಳೆಯ ಯೆಹೂದಿ ಕೇರಿಯ ಬಹುಭಾಗವನ್ನು ಕೆಡವಿದರು. ಇಗರ್ಜಿಯ ಪಕ್ಕದಲ್ಲೇ ಇದ್ದ ಯೆಹೂದಿ ಪ್ರಾರ್ಥನಾ ಮಂದಿರವೂ 1969ರಲ್ಲಿ ನೆಲ ಕಂಡಿತು. ಈಗ ಅಲ್ಲೊಂದು ಕಪ್ಪು ಗೋಡೆ, ಅದರ ಮೇಲೆ ಆ ಮಂದಿರದ ರೂಪ, ಮುಂದೆ ನಾಜಿಗಳ ಕಾಲದ ಯೆಹೂದಿ ಹತ್ಯಾಕಾಂಡದಲ್ಲಿ ಸತ್ತವರ ಸ್ಮಾರಕ. ಅದರ ಮೇಲಿರುವ ಹೀಬ್ರೂ ಪದಕ್ಕೆ ‘ನೆನಪಿಟ್ಟುಕೋ’ ಎಂದರ್ಥವಂತೆ. ಪಕ್ಕದಲ್ಲೇ ಕಾರುಗಳು ಭರ್ರೆಂದು ಓಡುತ್ತವೆ. ಸೊಸೆ ಅಲ್ಲಿ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದಳು. ಮೊದಲ ಸಲ ಬಂದಾಗ ನಮ್ಮ ಬಸ್ ಇದೇ ಸೇತುವೆಯ ಮೇಲೆ ಎರಡು ಸಲ ಹೋಗಿತ್ತು.

ಮಧ್ಯಾಹ್ನ ಊರಾಚೆಯ ಡೆವಿನ್‌ಗೆ ಬಸ್ಸಿನಲ್ಲಿ ಹೋದೆವು. ಬಂಡೆಯ ಮೇಲೆ ಪಾಳು ಕೋಟೆ, ಕೆಳಗೆ ಮೊರಾವಾ ನದಿ ಡಾನ್ಯೂಬನ್ನು ಸೇರುವ ಸಂಗಮ. ನೀರಿನಾಚೆ ಆಸ್ಟ್ರಿಯಾ, ಕೂಗಿದರೆ ಕೇಳುವಷ್ಟು ಹತ್ತಿರ. ಮುಳ್ಳುತಂತಿಯ ಕಾಲದಲ್ಲಿ ಆ ಗಡಿ ದಾಟಲು ಹೋಗಿ ಪ್ರಾಣ ಕಳೆದುಕೊಂಡವರಿಗಾಗಿ ದಡದಲ್ಲಿ ಒಂದು ಸ್ಮಾರಕವಿದೆ. ಅದರ ಮುಂದೆ ನಿಂತಾಗ ನಮ್ಮ ಗೈಡ್ ನೆನಪಾದರು. ಹೈನ್‌ಬುರ್ಗ್ ಮುಟ್ಟಿದ ಮೇಲೆ ಅವರ ಅಪ್ಪ ಏನು ಮಾಡಿದರೋ, ಏನು ಹೇಳಿದರೋ, ಕೇಳಬೇಕಿತ್ತು.

ಪ್ರವಾಸ ಏರ್ಪಡಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಅಂಗಡಿ ಬೀದಿಯ ಒಂದು ಗಂಟೆಯಲ್ಲಿ ಅರ್ಧ ಗಂಟೆ ಗೈಡ್‌ಗೆ ಕೊಡಿ. ಇನ್ನೆರಡು ಗಂಟೆ ಸೇರಿಸಿದರೆ ಡೆವಿನ್ ಕೂಡ ಆಗುತ್ತದೆ, ಅದಕ್ಕೆ ಹೆಚ್ಚಿನ ದುಡ್ಡು ಕೇಳಿದರೂ ನಾನು ಕೊಡುತ್ತೇನೆ. ಹೊರಡುವವರು ಹಣ ಕಟ್ಟುವ ಮುಂಚೆ ಕೇಳಿಕೊಳ್ಳಿ: ಊರಲ್ಲಿ ನಡೆದಾಡಲು ಎಷ್ಟು ಹೊತ್ತು, ಇಗರ್ಜಿಯ ಒಳಗೆ ಹೋಗುತ್ತೇವೆಯೇ, ಸೇತುವೆಯ ಬುಡದಲ್ಲಿ ಬಸ್ ನಿಲ್ಲುತ್ತದೆಯೇ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕಿ